ಯಾರ ಕಡೆಯ ಹಿರಿಯ

ಮಧ್ಯಾಹ್ನದ ಊಟದ ಹೊತ್ತಿಗೆ ಜಯದೇವಪ್ಪ ಖಾನಾವಳಿಯ ಹೊಸ್ತಿಲು ದಾಟಿದನೆಂದರೆ ಗುರುಸಿದ್ದನ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಬಂದವನು ಕೂಗಾಡುವ ಪೈಕಿಯವನಲ್ಲ. ಇಸ್ತ್ರಿಯ ಗೆರೆ ಮುರಿಯದ ಬಿಳಿ ಅಂಗಿ, ಬಿಳಿ ಪಂಚೆ, ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಮಡಿಸಿದ ಟವೆಲ್ಲು. ದೇವಸ್ಥಾನದ ಧರ್ಮದರ್ಶಿಯೋ ನಿವೃತ್ತ ಹೆಡ್‌ಮಾಸ್ತರೋ ಇರಬೇಕೆಂದು ನೋಡಿದವರು ಎದ್ದು ಜಾಗ ಕೊಡುತ್ತಿದ್ದರು. ಅವನು ಗೋಡೆಗೆ ಬೆನ್ನು ಕೊಟ್ಟು, ಬಾಗಿಲೂ ಅಡಿಗೆಮನೆಯೂ ಒಟ್ಟಿಗೆ ಕಾಣುವ ಮೂಲೆಯ ಮೇಜನ್ನೇ ಹಿಡಿಯುತ್ತಿದ್ದ. ರೊಟ್ಟಿ, ಎಣ್ಣೆಗಾಯಿ ಪಲ್ಯ, ಮೇಲೊಂದಿಷ್ಟು ಮೊಸರು. ತಟ್ಟೆಯಲ್ಲಿ ಚೂರೂ ಬಿಡದೆ ಉಂಡು, ಕೈ ತೊಳೆದು, ಹೊರಡುವ ಮುನ್ನ ಗಲ್ಲಾದ ಬಳಿ ನಿಂತು ಒಂದೆರಡು ಮಾತಾಡುತ್ತಿದ್ದ. ಆ ಒಂದೆರಡು ಮಾತನ್ನು ನೆನೆದೇ ಗುರುಸಿದ್ದ ಬೆಳಗಿನಿಂದ ಬಾಗಿಲ ಕಡೆ ನೋಡುತ್ತಿರುತ್ತಿದ್ದ.

ಮೊದಲ ದಿನ ಅವನು ಆಡಿದ್ದು ಇಷ್ಟು: "ನಂಗೆ ಗ್ಯಾಸ್ ಅಂದ್ರೆ ಸ್ವಲ್ಪ ಭಯ ತಮ್ಮ. ಎಂಥೆಂಥಾ ಹೋಟ್ಲುಗಳನ್ನ ನೋಡ್ಬಿಟ್ಟೆ. ಎಲ್ಲೋ ಒಂದು ಪೈಪು ಸಡಿಲ ಆಗಿರತ್ತೆ, ಯಾರೂ ನೋಡಿರಲ್ಲ. ತಂಗಿ ದಿನಾ ಒಳಗೇ ಇರ್ತಾಳಲ್ವಾ?"

ತಂಗಿ ಎಂದರೆ ಗುರುಸಿದ್ದನ ಹೆಂಡತಿ ಅನ್ನಪೂರ್ಣ. ಆ ದಿನದಿಂದ ಗುರುಸಿದ್ದನಿಗೆ ಎಲ್ಲಿ ನಿಂತರೂ ಗ್ಯಾಸಿನ ವಾಸನೆ. ಎದ್ದೆದ್ದು ಹೋಗಿ ಸಿಲಿಂಡರಿನ ಕತ್ತು ಮುಟ್ಟಿ ನೋಡುವನು, ಪೈಪಿನ ಉದ್ದಕ್ಕೂ ಸೋಪಿನ ನೊರೆ ಸವರಿ ಗುಳ್ಳೆ ಏಳುತ್ತದೆಯೇ ಎಂದು ಉಸಿರು ಹಿಡಿದು ಕಾಯುವನು. ರೊಟ್ಟಿ ಬಡಿಯುವ ಹೆಂಗಸರು ಮುಸಿಮುಸಿ ನಕ್ಕರು. ಅನ್ನಪೂರ್ಣ ನಗಲಿಲ್ಲ. ಸವರಿದ ಜಾಗಕ್ಕೇ ಗಂಡ ಮತ್ತೆ ಮತ್ತೆ ನೊರೆ ಸವರುವುದನ್ನು ಅವಳು ಕಂಡಿದ್ದಳು.

ಇದು ಎರಡು ಸಾವಿರದ ಎಂಟನೆಯ ಇಸವಿಯ ಮಾತು. ರೋಣ ತಾಲ್ಲೂಕಿನ ಗುರುಸಿದ್ದ ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಹೆಂಡತಿಯನ್ನು ಕಟ್ಟಿಕೊಂಡು ಬಿಟಿಎಂ ಲೇಔಟಿಗೆ ಬಂದವನು. ಅವರಿವರ ಮೆಸ್ಸಿನಲ್ಲಿ ಅಡಿಗೆ ಮಾಡಿಕೊಂಡಿದ್ದ. ಅನ್ನಪೂರ್ಣಳ ರೊಟ್ಟಿಯ ರುಚಿ ಹತ್ತಿ ದಿನವೂ ಬಂದು ಉಣ್ಣುತ್ತಿದ್ದವನು ಶಶಿಧರ್. ಶಶಿಧರನ ಅಪ್ಪ ಚಿಕ್ಕಬೈರಪ್ಪನವರು ಇಂದಿನ ಬಿಟಿಎಮ್ಮಿನ ಬೀದಿಗಳಿರುವಲ್ಲಿ ರಾಗಿ ಬೆಳೆದ ಮನುಷ್ಯ. ಲೇಔಟಾದ ಮೇಲೆ ಉಳಿದ ಮೂಲೆ ನಿವೇಶನದಲ್ಲಿ ಒಂದು ಕಟ್ಟಡ ಎಬ್ಬಿಸಿದ್ದರು. ಅದರ ಕೆಳಮನೆಯನ್ನು ಶಶಿಧರ್ ಕೊಟ್ಟ, ಕೈಗುಣವನ್ನು ಗುರುಸಿದ್ದ ಕೊಟ್ಟ. ಬಾಡಿಗೆ ಕೋಣೆಗಳಲ್ಲಿ ನಾಲ್ಕು ನಾಲ್ಕು ಜನ ತುಂಬಿಕೊಂಡಿದ್ದ ಗದಗ, ಬಾಗಲಕೋಟೆ, ವಿಜಾಪುರದ ಹುಡುಗರು ಊರಿನ ರೊಟ್ಟಿಗಾಗಿ ಸಾಲು ನಿಂತರು. ಲೈಸೆನ್ಸು, ಸಂತೆ, ಕಾರ್ಪೊರೇಷನ್ನಿನ ಓಡಾಟ ಶಶಿಧರನದು. ಒಲೆಯ ಮುಂದಿನದೆಲ್ಲ ಗುರುಸಿದ್ದನದು. ಶಶಿಧರ್ ಇವನನ್ನು ಗುರಣ್ಣ ಎನ್ನುವನು, ಗುರುಸಿದ್ದ ಅವನನ್ನು ಶಶಿ ಎನ್ನುವನು. ಪಾಲುದಾರಿಕೆಯೆಂದರೆ ಹೀಗಿರಬೇಕೆಂದು ಬೀದಿಯವರು ಬೊಟ್ಟು ಮಾಡಿ ತೋರಿಸುವಂತಿತ್ತು.

ಮನಸ್ಸು ಮುರಿದದ್ದು ಒಂದು ಸಣ್ಣ ಕಾರಣಕ್ಕೆ. ಹುಳಿಮಾವಿನ ಕ್ಯಾಂಟೀನೊಂದರವರು ಬಂದು ದಿನವೂ ರೊಟ್ಟಿ ಬೇಕೆಂದಾಗ ಗುರುಸಿದ್ದ ಶಶಿಧರನನ್ನು ಕೇಳದೆ ಹೂಂ ಎಂದ. ಹೇಳಿದರಾಯಿತು ಎಂದುಕೊಂಡಿದ್ದ, ಹೇಳುವ ಹೊತ್ತು ಬರಲಿಲ್ಲ. ಶಶಿಧರನಿಗೆ ಸುದ್ದಿ ಮುಟ್ಟಿದ್ದು ತರಕಾರಿ ಅಂಗಡಿಯವನ ಬಾಯಿಂದ. ಶಶಿಧರ್ ಬಂದು ಗಿರಾಕಿಗಳ ಎದುರಿಗೇ, ಅಣ್ಣಾವ್ರು ಹುಳಿಮಾವಲ್ಲಿ ಬ್ರಾಂಚ್ ಓಪನ್ ಮಾಡೋವಷ್ಟು ದೊಡ್ಡೋರಾದ್ರು, ನಮ್ಮ ಬಿಲ್ಡಿಂಗು ಇನ್ನೇನಕ್ಕೆ ಬೇಕು ಎಂದು ಚುಚ್ಚಿದ. ನನ್ನ ಕೈಯಾಗಿನ ರೊಟ್ಟಿ ತಿಂದು ಮೈ ಬೆಳೆಸಿದವರು ಬಿಲ್ಡಿಂಗಿನ ಮಾತು ಆಡಬಾರದು ಎಂದು ಗುರುಸಿದ್ದನೂ ತಿರುಗಿಸಿ ಕೊಟ್ಟ. ಮರುದಿನ ಬೆಳಿಗ್ಗೆ ಬಾಗಿಲಿಗೆ ಶಶಿಧರನ ಬೀಗ. ತಾಯಿ ನಾರಾಯಣಮ್ಮ ಬೈದದ್ದರಿಂದ ಸಂಜೆಗೆ ಬೀಗ ತೆಗೆದನಾದರೂ, ನಾದಿದ ಹಿಟ್ಟಿನ ಬೋಗುಣಿ ಹಿಡಿದು ಬೀದಿಯಲ್ಲಿ ನಿಂತ ಅವಮಾನವನ್ನು ಅನ್ನಪೂರ್ಣ ಮರೆಯಲಿಲ್ಲ, ಗುರುಸಿದ್ದ ಮರೆಯಲು ಬಯಸಲಿಲ್ಲ. ವಕೀಲರು, ದಾವೆ, ನೋಟೀಸು. ಒಂದು ಲೋಟ ಮಜ್ಜಿಗೆ ಕುಡಿಯುವ ಹೊತ್ತಿನಲ್ಲಿ ಮುಗಿಯಬೇಕಾದ ಜಗಳವನ್ನು ಇಬ್ಬರೂ ಸೇರಿ ನ್ಯಾಯಾಲಯದ ಮೆಟ್ಟಿಲವರೆಗೆ ಹೊತ್ತರು. ನ್ಯಾಯಾಧೀಶರು ಕಾಗದ ನೋಡಿ, ಮೊದಲು ಒಬ್ಬ ಮಧ್ಯಸ್ಥರ ಮುಂದೆ ಕುಳಿತು ಮಾತಾಡಿ ಬನ್ನಿ ಎಂದರು.

ಬೀಗದ ಸುದ್ದಿ ಬೀದಿ ದಾಟುವ ಮೊದಲೇ ಜಯದೇವಪ್ಪ ಬಂದು ಕುಳಿತಿದ್ದ. ಹೆಣವೆಲ್ಲಿ ಬಿದ್ದಿದೆ ಎಂದು ಹದ್ದಿಗೆ ಯಾರೂ ಹೇಳಿಕಳಿಸುವುದಿಲ್ಲ. ಆದರೆ ಗುರುಸಿದ್ದನಿಗೆ ಅದು ಹೊಳೆಯಲಿಲ್ಲ. ಅವನ ಸೀಮೆಯಲ್ಲಿ ಎರಡು ಮನೆಗಳಿಗೆ ಮನಸ್ತಾಪ ಬಂದರೆ ಪಂಚಾಯಿತಿಗೆ ಮೊದಲು ಒಂದು ಕಡೆಯ ಹಿರಿಯ ಇನ್ನೊಂದು ಮನೆಗೆ ಬಂದು ಕೂರುವುದು ರೂಢಿ. ಬಂದವನಿಗೆ ನೀರು ಕೊಡಬೇಕು, ಊಟಕ್ಕೆ ಬಡಿಸಬೇಕು. ನಿಮ್ಮನ್ನು ಕಳಿಸಿದವರು ಯಾರು ಎಂದು ಮಾತ್ರ ಕೇಳಬಾರದು. ಕೇಳಿದರೆ ಬಂದವನಿಗೂ ಕಳಿಸಿದವನಿಗೂ ಮುಖ ಮುರಿದಂತೆ. ಅದೇ ರೂಢಿಯ ಪ್ರಕಾರ ಅನ್ನಪೂರ್ಣ ಬಡಿಸಿದಳು, ಗುರುಸಿದ್ದ ಕೈಕಟ್ಟಿ ನಿಂತ. ಇವನು ಶಶಿಧರ್ ಕಳಿಸಿದ ಹಿರಿಯ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ಇದ್ದ ಎಳ್ಳಷ್ಟೂ ಒಂದು ಸಂಜೆ ಕರಗಿಹೋಯಿತು. ಕಾಯಿಪಲ್ಯ ತರಲು ಹೊರಟವನು ಚಿಕ್ಕಬೈರಪ್ಪನವರ ಮನೆಯ ಮುಂದೆ ಹಾದುಹೋಗುವಾಗ, ಜಗಲಿಯ ಮೇಲೆ ಜಯದೇವಪ್ಪ ಕಾಲು ಮಡಿಸಿ ಕುಳಿತಿದ್ದ, ನಾರಾಯಣಮ್ಮ ಬಗ್ಗಿ ಕಾಫಿಯ ಲೋಟ ಕೊಡುತ್ತಿದ್ದರು. ಗುರುಸಿದ್ದ ಗೋಡೆಯ ನೆರಳಿಗೆ ಸರಿದು ಬಂದ ದಾರಿಯಲ್ಲೇ ಹಿಂತಿರುಗಿದ. ಆ ದಿನ ಕಾಯಿಪಲ್ಯ ಬರಲಿಲ್ಲ.

ಮಾತುಗಳು ದಿನದಿನಕ್ಕೆ ಹತ್ತಿರವಾಗುತ್ತ ಬಂದವು. ಅನ್ನಪೂರ್ಣ ಮಂಗಳವಾರ ಯಾವ ಗುಡಿಗೆ ಹೋಗುತ್ತಾಳೆ, ತಿಲಕ್ ನಗರದ ಯಾವ ಅಡ್ಡರಸ್ತೆಯಲ್ಲಿ ಹಿಟ್ಟಿನ ಗಿರಣಿಯಿಂದ ಒಬ್ಬಳೇ ನಡೆದು ಬರುತ್ತಾಳೆ ಎಂಬುದು ಜಯದೇವಪ್ಪನಿಗೆ ಗೊತ್ತಿತ್ತು. ಅದನ್ನೆಲ್ಲ ಅಣ್ಣನಾದವನ ಕಾಳಜಿಯಿಂದೆಂಬಂತೆ ಹೇಳುತ್ತಿದ್ದ. ಕೋರ್ಟು ಕಚೇರಿ ಸಂಸಾರಸ್ಥರಿಗಲ್ಲ, ಒಂದು ದಿನ ಇಬ್ಬರನ್ನೂ ಕೂರಿಸಿ ತಾನೇ ಮುಗಿಸುತ್ತೇನೆ, ಒಂದು ಸಹಿ ಹಾಕಿ ಊರಿಗೆ ಹೋಗಿ ನೆಮ್ಮದಿಯಾಗಿರಿ ಎನ್ನುತ್ತಿದ್ದ. ಗುರುಸಿದ್ದ ಒಮ್ಮೆ ಧೈರ್ಯ ಮಾಡಿ ಠಾಣೆಗೆ ಹೋದ. ಅಲ್ಲಿದ್ದ ಅಧಿಕಾರಿ ಆ ಮನುಷ್ಯ ನಿಮ್ಮನ್ನು ಹೊಡೆದನೇ, ಬೈದನೇ ಎಂದು ಕೇಳಿದರು. ಇಲ್ಲ. ಮತ್ತೇನು ಮಾಡಿದ? ಊಟ ಮಾಡಿದ. ಮೇಜಿನ ಆಚೆ ಯಾರೋ ನಕ್ಕರು. ಊಟ ಮಾಡಿದವರ ಮೇಲೆಲ್ಲ ಕೇಸು ಹಾಕಿದರೆ ನಿಮ್ಮ ಹೋಟೆಲ್ ಗತಿಯೇನು ಎಂದು ಸಮಾಧಾನ ಹೇಳಿ ಕಳಿಸಿದರು. ಬೆದರಿಸುವವನ ನಯವನ್ನು ಸಜ್ಜನಿಕೆಯೆಂದು ಓದುವ ಕಣ್ಣು ಕಾನೂನಿಗಿದ್ದರೆ, ಸಜ್ಜನರು ಎಲ್ಲಿಗೆ ಹೋಗಬೇಕು?

ಮಧ್ಯಸ್ಥಿಕೆಯ ದಿನ ಹೊರಡುವಾಗ ಗುರುಸಿದ್ದ ಮನಸ್ಸು ಗಟ್ಟಿಮಾಡಿಕೊಂಡಿದ್ದ. ಗಟ್ಟಿಮಾಡಿಕೊಂಡದ್ದು ಹೋರಾಡಲಿಕ್ಕಲ್ಲ, ಬಿಟ್ಟುಕೊಡಲಿಕ್ಕೆ. ಖಾನಾವಳಿ ಹೋದರೆ ಹೋಗಲಿ, ಅನ್ನಪೂರ್ಣ ಒಲೆಯ ಮುಂದಿನಿಂದ ಜೀವಂತ ಎದ್ದು ಬಂದರೆ ಸಾಕು. ಅದನ್ನು ಹೆಂಡತಿಗೆ ಹೇಳಿದಾಗ ಅವಳು ಹಿಟ್ಟಿನ ಕೈಯಲ್ಲೇ ನಿಂತು, "ಬಿಟ್ಟು ಎಲ್ಲಿಗೆ ಹೋಗೂಣು? ಅಲ್ಲಿ ನಮ್ಮದು ಏನೈತಿ? ಇದೊಂದ ನಮ್ಮದು," ಎಂದಿದ್ದಳು. ಅವನು ಪೈಪಿಗೆ ಮತ್ತೊಮ್ಮೆ ಸೋಪು ಸವರಿ ಬಸ್ಸು ಹತ್ತಿದ.

ಮಧ್ಯಸ್ಥರ ಕಚೇರಿ ತ್ಯಾಗರಾಜನಗರದಲ್ಲಿ, ಒಂದು ಹಳೆಯ ಮನೆಯ ಮುಂಗೋಣೆ. ಸೌಮ್ಯ ಎಂಬ ನಡುವಯಸ್ಸಿನ ವಕೀಲೆ. ಹತ್ತಿಯ ಸೀರೆ, ದಪ್ಪ ಕನ್ನಡಕ, ಅವಸರವಿಲ್ಲದ ದನಿ. ಇಬ್ಬರಿಗೂ ತಾವೇ ನೀರು ತಂದುಕೊಟ್ಟರು. ತಾವು ತೀರ್ಪು ಕೊಡುವವರಲ್ಲ, ಇಬ್ಬರೂ ಒಪ್ಪಿದ್ದನ್ನು ಮಾತ್ರ ಬರೆಯುವವರು ಎಂದರು. ಒಟ್ಟಿಗೆ ಮಾತಾಡಿದ ಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳುತ್ತೇನೆ, ಆಗ ಹೇಳಿದ ಗುಟ್ಟು ಹೇಳಿದವರ ಅಪ್ಪಣೆಯಿಲ್ಲದೆ ಇನ್ನೊಬ್ಬರ ಕಿವಿಗೆ ಹೋಗುವುದಿಲ್ಲ, ನ್ಯಾಯಾಧೀಶರಿಗೂ ಹೋಗುವುದಿಲ್ಲ ಎಂದರು. ಇಷ್ಟನ್ನು ಎರಡು ಸಲ ಹೇಳಿದರು. ಗುರುಸಿದ್ದ ಎರಡು ಸಲವೂ ನಂಬಲಿಲ್ಲ. ಎದುರು ಕುರ್ಚಿಯಲ್ಲಿ ಶಶಿಧರ್ ಮೊಬೈಲನ್ನು ಅಂಗೈಯಲ್ಲಿ ಮಗುಚುತ್ತ ನೆಲ ನೋಡುತ್ತಿದ್ದ. ಅವನ ಕೆನ್ನೆ ಬತ್ತಿತ್ತು, ಗಡ್ಡ ಬಿಟ್ಟಿದ್ದ. ಮಾಡಿದ ಪಾಪ ಮುಖದ ಮೇಲೆ ಕುಳಿತಿದೆ ಎಂದುಕೊಂಡ ಗುರುಸಿದ್ದ. ಹುಳಿಮಾವಿನ ಪ್ರಸ್ತಾಪ ಬಂದಾಗ ಇಬ್ಬರೂ ಯಾರದೋ ಮನೆಯ ಸುದ್ದಿ ಕೇಳಿದಂತೆ ತಲೆಯಾಡಿಸಿದರು. ಸೌಮ್ಯ ಕನ್ನಡಕ ತೆಗೆದು ಒರೆಸಿ, ಶಶಿಧರನನ್ನು ಹಿಂದಿನ ಹಜಾರದಲ್ಲಿ ಕೂರಲು ಕೇಳಿಕೊಂಡರು.

ಬಾಗಿಲು ಮುಚ್ಚಿದ ಕೂಡಲೇ ಗುರುಸಿದ್ದ ಕೈಮುಗಿದ. ಎಲ್ಲವನ್ನೂ ಶಶಿಧರನಿಗೆ ಬಿಟ್ಟಿದ್ದೇನೆ, ಪಾತ್ರೆ ಪರಡಿಯೂ ಬೇಡ, ಹೆಸರೂ ಬೇಡ, ಈಗಲೇ ಬರೆದುಬಿಡಿ, ಸಹಿ ಮಾಡಿ ಹೋಗುತ್ತೇನೆ ಎಂದ. ಸೌಮ್ಯ ಪೆನ್ನು ಮುಟ್ಟಲಿಲ್ಲ.

"ದಾವೆ ಹಾಕಿದವರು ನೀವು. ಒಂದು ಮಾತೂ ಚೌಕಾಶಿ ಮಾಡದೆ ಎಲ್ಲಾ ಬಿಟ್ಟು ಹೋಗ್ತೀನಿ ಅಂತೀರ. ಇದನ್ನ ರಾಜಿ ಅನ್ನಲ್ಲ. ನೀವು ಓಡ್ತಿದೀರ. ಯಾರಿಗೆ ಹೆದರಿದೀರಿ?"

ಗುರುಸಿದ್ದ ಕಿಟಕಿಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ಹೊರಗೆ ಕೂತವನಿಗೆ ಕೇಳುತ್ತದೆಯೇ ಎಂದು ಕೇಳಿದ. ಆಮೇಲೆ ಊರಿನ ಮಾತಿನಲ್ಲಿ, ತಡವರಿಸುತ್ತ, ಒಂದೊಂದೇ ಹೊರಹಾಕಿದ. ಮೂಲೆಯ ಮೇಜು, ಪೈಪಿನ ಮಾತು, ಗಿರಣಿಯ ದಾರಿ, ಜಗಲಿಯ ಕಾಫಿ. ಹೇಳಿ ಮುಗಿಸುವಾಗ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ಸೌಮ್ಯ, ಇದನ್ನು ಶಶಿಧರ್ ಅವರ ಮುಂದೆ ಎತ್ತಲು ನನಗೆ ಅಪ್ಪಣೆ ಕೊಡುತ್ತೀರಾ ಎಂದು ಕೇಳಿದರು.

"ಬ್ಯಾಡ್ರಿ," ಎಂದ ಗುರುಸಿದ್ದ. "ನಾ ಹೇಳಿದ್ದು ಅವನಿಗೆ ಗೊತ್ತಾದ್ರ ನನ್ನ ಹೆಣ್ತಿ ಉಳಿಯೂದಿಲ್ಲ."

ಅವರು ಒತ್ತಾಯಿಸಲಿಲ್ಲ. ಅವನು ಹಜಾರಕ್ಕೆ ಬಂದ, ಶಶಿಧರ್ ಒಳಗೆ ಹೋದ. ಹಾದುಹೋಗುವಾಗ ಇಬ್ಬರ ಭುಜಗಳು ತಾಗುವಂತಿದ್ದವು. ಇಬ್ಬರೂ ಗೋಡೆಗೆ ಸರಿದರು. ಹಜಾರದಲ್ಲಿ ಗೋಡೆ ಗಡಿಯಾರದ ಸದ್ದು ಬಿಟ್ಟರೆ ಬೇರೇನಿಲ್ಲ. ಒಳಗೆ ಶಶಿಧರನ ದನಿ ಮೊದಲು ಏರಿತು, ಆಮೇಲೆ ಇಳಿಯಿತು, ಆಮೇಲೆ ಕೇಳಿಸದಾಯಿತು. ಈಗ ಆಕೆ ಹೇಳಿಬಿಟ್ಟಿರುತ್ತಾಳೆ, ಎಲ್ಲ ವಕೀಲರೂ ಒಂದೇ ಎಂದು ಗುರುಸಿದ್ದನ ಜೀವ ಹಾರುತ್ತಿತ್ತು. ಆಗ ಅವನ ಜೇಬಿನಲ್ಲಿ ಫೋನು ನಡುಗಿತು.

ಅನ್ನಪೂರ್ಣಳ ದನಿ ಬಾವಿಯ ತಳದಿಂದ ಬಂದಂತಿತ್ತು. "ಅವ ಒಳಗ ಬಂದಾನ. ಅಡಿಗಿಮನ್ಯಾಗ ಸ್ಟೂಲ್ ಹಾಕ್ಕೊಂಡು ಕುಂತಾನ, ಸಿಲಿಂಡರ್ ಬಾಜೂಕ. ಹೆಣ್ಮಕ್ಕಳನ್ನೆಲ್ಲಾ ಊಟಕ್ಕ ಹೋಗ್ರಿ ಅಂತ ಹೊರಗ ಕಳಿಸ್ಯಾನ."

ಗುರುಸಿದ್ದ ಏನೋ ಕೇಳುವಷ್ಟರಲ್ಲಿ ಫೋನು ಕೈ ಬದಲಾಯಿತು. "ಸೈನ್ ಆಯ್ತಾ ತಮ್ಮ?" ಎಂದಿತು ಆ ನಯವಾದ ದನಿ. "ನಿಧಾನವಾಗೇ ಬನ್ನಿ. ತಂಗಿ ಬಿಸಿ ಬಿಸಿ ಮಾಡಿ ಹಾಕ್ತಿದಾಳೆ. ಒಲೆ ಮುಂದೆ ನಾನೇ ಇದೀನಿ." ಫೋನು ಕಡಿಯಿತು.

ಇಂದು ಇಲ್ಲಿಗೆ ಬರುವ ಸುದ್ದಿಯನ್ನು ಗುರುಸಿದ್ದ ಹೊರಗಿನ ಯಾರಿಗೂ ಹೇಳಿರಲಿಲ್ಲ. ಗೊತ್ತಿದ್ದ ಇನ್ನೊಬ್ಬನು ಈ ಬಾಗಿಲ ಹಿಂದೆ ಕೂತಿದ್ದ. ಗುರುಸಿದ್ದ ಎದ್ದು ನಿಂತ. ಓಡಿಹೋಗಬೇಕೆನಿಸಿತು, ಆದರೆ ಬಸ್ಸು ಬಿಟಿಎಂ ಮುಟ್ಟುವುದರೊಳಗೆ ಏನಾಗುತ್ತದೋ. ಸಹಿಯೊಂದೇ ಹತ್ತಿರದ ದಾರಿಯಾಗಿ ಕಂಡಿತು. ಅವನು ಬಾಗಿಲು ತಟ್ಟುವ ಮೊದಲೇ ಸೌಮ್ಯ ತಾವಾಗಿ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಅವರ ಮುಖದ ಬಣ್ಣ ಕೆಟ್ಟಿತ್ತು.

ಗುರುಸಿದ್ದ ಅವರ ಕಾಲಿಗೆ ಬೀಳಲು ಹೋದ. ಬರೆಯಿರಿ, ಈಗಲೇ ಬರೆಯಿರಿ, ಅವನು ಅವಳ ಪಕ್ಕದಲ್ಲಿ ಕುಳಿತಿದ್ದಾನೆ ಎಂದ. ಅವರು ಅವನ ತೋಳು ಹಿಡಿದು ನಿಲ್ಲಿಸಿದರು. "ಹೆದರಿ ಹಾಕಿದ ಸಹೀನ ನನ್ನ ಮೇಜಿನ ಮೇಲೆ ನಾನು ತಗೊಳಲ್ಲ. ಅದು ಅನ್ಯಾಯ, ನನ್ನ ಕೈಯಿಂದ ಆಗಬಾರದು," ಎಂದರು. ಆಮೇಲೆ ಪದಗಳನ್ನು ಆರಿಸಿ ಆರಿಸಿ ಇಟ್ಟರು. "ಒಳಗಡೆ ನಾನು ಏನು ಕೇಳ್ದೆ ಅಂತ ನಿಮಗೆ ಹೇಳೋ ಹಾಗಿಲ್ಲ. ನೀವು ಹೇಳಿದ್ದನ್ನ ಅವರಿಗೂ ಹೇಳಿಲ್ಲ. ಆದ್ರೆ ಇನ್ನೊಂದು ಸಲ ಕೇಳ್ತೀನಿ. ಈಗ ನನಗೆ ಹೇಳಿದ್ದನ್ನೇ ಅವರ ಮುಖ ನೋಡ್ಕೊಂಡು ನೀವೇ ಹೇಳ್ತೀರಾ? ಇಷ್ಟೊಂದು ಒತ್ತಿ ನಾನು ಯಾರನ್ನೂ ಕೇಳಲ್ಲ."

ಅವನಿಗೆ ಆ ಕೈಯ ಹಿಡಿತ ಮಾತ್ರ ತಿಳಿಯಿತು. ಹೂಂ ಎಂದನೋ ಇಲ್ಲವೋ ಅವನಿಗೇ ಗೊತ್ತಿಲ್ಲ, ತಲೆಯಂತೂ ಆಡಿತು. ಅವರು ಬಾಗಿಲು ತೆರೆದರು.

ಧೈರ್ಯದಿಂದ ಅವನು ಆ ಕೋಣೆ ಹೊಕ್ಕನೆಂದು ಯಾರೂ ಬರೆಯಬಾರದು. ಅವನು ಹೊಕ್ಕದ್ದು ಭಿಕ್ಷೆಗೆ. ಶಶಿಧರನ ಕುರ್ಚಿಯ ಮುಂದೆ ಮಂಡಿಯೂರಿ ಎರಡೂ ಕೈ ಜೋಡಿಸಿದ. "ಶಶಿ, ಎಲ್ಲಾ ನಿಂದಪ್ಪಾ. ನಾ ತಪ್ಪು ಮಾಡೀನಿ, ಹುಳಿಮಾವಿಂದು ನಿನಗ ಕೇಳಬೇಕಿತ್ತು. ಆ ಜಯದೇವಪ್ಪನ್ನ ಎಬ್ಬಿಸು. ಅನ್ನಪೂರ್ಣಿ ಬಾಜೂಕ ಕುಂತಾನ, ಗ್ಯಾಸಿನ ಹಂತ್ಯಾಕ. ನಿಮ್ಮ ಮನುಷ್ಯಾಗ ಒಂದು ಫೋನ್ ಮಾಡು."

ಶಶಿಧರ್ ಕುರ್ಚಿಯ ಸಮೇತ ಹಿಂದಕ್ಕೆ ಸರಿದ. ಅವನ ತುಟಿಯ ರಕ್ತವೆಲ್ಲ ಇಳಿದುಹೋಗಿತ್ತು. "ನಮ್ಮ ಮನುಷ್ಯನಾ?" ಎಂದ. "ಗುರಣ್ಣ, ಅವ್ನು ನಿಮ್ಮೋನಲ್ವಾ?"

ಸೌಮ್ಯ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡರು. ಇಷ್ಟು ಹೊತ್ತು ಎರಡು ಗುಟ್ಟುಗಳ ನಡುವೆ ಸಿಕ್ಕಿಬಿದ್ದು, ಎರಡೂ ಒಂದೇ ಎಂದು ತಿಳಿದೂ ಬಾಯಿಬಿಡಲಾರದೆ ಆಕೆ ಬೆಂದದ್ದು ಆಗ ಗುರುಸಿದ್ದನಿಗೆ ಅರ್ಥವಾಯಿತು.

ಶಶಿಧರ್ ತೊದಲುತ್ತ ಹೇಳಿದ್ದು ಇದು. ವಿಭೂತಿ ಹಚ್ಚಿದ ಹಿರಿಯನೊಬ್ಬ ಬೀಗದ ಮರುದಿನವೇ ಜಗಲಿಗೆ ಬಂದು ಕುಳಿತ. ಹಣೆ ನೋಡಿ, ಹೆಸರು ಕೇಳಿ, ಗುರುಸಿದ್ದ ತನ್ನ ಕಡೆಯ ಹಿರಿಯನನ್ನು ಮಾತಿಗೆ ಕಳಿಸಿದ್ದಾನೆ ಎಂದು ಅಪ್ಪ ಸಂತೋಷಪಟ್ಟರು. ಚಿಕ್ಕಬೈರಪ್ಪನವರು ಹಳೆಯ ಹಳ್ಳಿಯ ಪಂಚಾಯಿತಿಯಲ್ಲಿ ಕೂತವರು. ಮಾತಿಗೆ ಬಂದವನನ್ನು ಯಾರ ಕಡೆಯವನೆಂದು ಕೇಳುವುದು ಅವರಿಗೂ ಸಲ್ಲದು. ಕಾಫಿ ಕೊಟ್ಟರು, ಮಧ್ಯಸ್ಥಿಕೆಯ ದಿನ ಇಂಥದ್ದು ಎಂದು ಅವರೇ ತಿಳಿಸಿದರು. ಮೂರನೆಯ ಭೇಟಿಗೆ ಆ ಹಿರಿಯ, ಚಿಕ್ಕಬೈರಪ್ಪನವರು ಮುಂಜಾನೆ ಯಾವ ಪಾರ್ಕಿಗೆ ನಡೆದು ಹೋಗುತ್ತಾರೆ, ಆ ರಸ್ತೆಯಲ್ಲಿ ನೀರಿನ ಟ್ಯಾಂಕರುಗಳು ಎಷ್ಟು ಜೋರಾಗಿ ಓಡುತ್ತವೆ ಎಂಬುದನ್ನು ಹೇಳಿ ಮರುಗಿದ. ಕಟ್ಟಡದ ಕಾಗದ ನಡುವಿನ ಹಿರಿಯನಾದ ತನ್ನ ಹೆಸರಿಗಿದ್ದರೆ ಜಗಳಕ್ಕೇ ಜಾಗವಿರುವುದಿಲ್ಲ ಎಂದ. ಶಶಿಧರ್ ಖಾನಾವಳಿಯ ಕಿಟಕಿಯಿಂದ ಇಣುಕಿ ನೋಡಿದಾಗ ಅದೇ ಮನುಷ್ಯ ದುಡ್ಡಿಲ್ಲದೆ ಉಣ್ಣುತ್ತಿದ್ದ, ಅನ್ನಪೂರ್ಣ ಮೊಸರು ಬಡಿಸುತ್ತಿದ್ದಳು. "ನಿಮ್ಮ ಮನೆ ಹಿರೀಕ ಅಂದ್ಕೊಂಡೆ," ಎಂದ. "ಇವತ್ತು ನಾನೂ ಎಲ್ಲಾ ಬರ್ಕೊಟ್ಬಿಡೋಣ ಅಂತಾನೇ ಬಂದಿದ್ದೆ."

ಹಾಗಾದರೆ ಅವನನ್ನು ಯಾರೂ ಕಳಿಸಿರಲಿಲ್ಲ. ಈ ಅರಿವಿನಿಂದ ಗುರುಸಿದ್ದನಿಗೆ ನಿರಾಳವಾಗಲಿಲ್ಲ. ಕಳಿಸಿದವನಿದ್ದರೆ ಅವನ ಕಾಲು ಹಿಡಿಯಬಹುದು. ತಾನಾಗಿ ಬಂದವನನ್ನು ಯಾರು ಹಿಂದಕ್ಕೆ ಕರೆಯುತ್ತಾರೆ? ಎರಡು ಮನೆಗಳ ಮರ್ಯಾದೆಯನ್ನೇ ಮೆಟ್ಟಿಲು ಮಾಡಿಕೊಂಡು ಅವನು ಒಳಗೆ ಬಂದಿದ್ದ. ಒಬ್ಬರ ಮೇಲೊಬ್ಬರಿಗಿದ್ದ ಅಪನಂಬಿಕೆಯ ಅನ್ನ ಉಂಡೇ ಕೊಬ್ಬಿದ್ದ. ಕದ್ದು ಬರುವ ಕಳ್ಳನನ್ನಾದರೂ ಕ್ಷಮಿಸಬಹುದು. ಅತಿಥಿಯ ವೇಷದಲ್ಲಿ ಬರುವವನಿಗೆ ಯಾವ ಧರ್ಮದಲ್ಲೂ ಕ್ಷಮೆಯಿರಬಾರದು.

ಸೌಮ್ಯ ಫೋನು ಎತ್ತಿಕೊಂಡಿದ್ದರು. ತಾವು ವಕೀಲೆಯಾಗಿ ಠಾಣೆಗೆ ಮಾತಾಡುತ್ತೇನೆ, ಯಾರಾದರೂ ಹೊರಟೆವೆಂದು ಹೇಳುವತನಕ ಫೋನು ಇಡುವುದಿಲ್ಲ, ನೀವಿಬ್ಬರೂ ಒಟ್ಟಿಗೆ ಹೋಗಿ, ಒಬ್ಬೊಬ್ಬರೇ ಹೋಗಬೇಡಿ ಎಂದರು.

ಶಶಿಧರನ ಬೈಕಿನ ಹಿಂದೆ ಗುರುಸಿದ್ದ ಕೂತ. ಜಯನಗರದ ಸಿಗ್ನಲ್ಲುಗಳಲ್ಲಿ ನಿಂತಾಗೆಲ್ಲ ಅವನು ದೂರದ ಆಕಾಶದಲ್ಲಿ ಹೊಗೆಯೇನಾದರೂ ಎದ್ದಿದೆಯೇ ಎಂದು ಹುಡುಕುತ್ತಿದ್ದ. ತಿಲಕ್ ನಗರದ ಇಕ್ಕಟ್ಟಿನಲ್ಲಿ ಒಂದು ಲಾರಿ ಅಡ್ಡ ನಿಂತಿತ್ತು. ಶಶಿಧರ್ ಬೈಕನ್ನು ಫುಟ್‌ಪಾತಿಗೆ ಹತ್ತಿಸಿ, ಬೈಗುಳ ತಿನ್ನುತ್ತ ಓಡಿಸಿದ. ಬಹಳ ದಿನಗಳಿಂದ ಮುಟ್ಟದ ಆ ಬೆನ್ನಿನ ಅಂಗಿಯನ್ನು ಗುರುಸಿದ್ದ ಮುಷ್ಟಿಯಲ್ಲಿ ಹಿಡಿದಿದ್ದ. ದಾರಿಯಲ್ಲಿ ಶಶಿಧರ್ ಒಂದೇ ಮಾತಾಡಿದ್ದು: ಒಳಗೆ ಹೋದ ಮೇಲೆ ಏನು ಹೇಳೋದು ಗುರಣ್ಣ?

ಅಡಿಗೆಮನೆಯಲ್ಲಿ ಜಯದೇವಪ್ಪ ಸ್ಟೂಲಿನ ಮೇಲೆ ಟವೆಲ್ಲು ಹಾಸಿ ಕುಳಿತಿದ್ದ. ಕೆಂಪು ಸಿಲಿಂಡರಿನ ತಲೆಯ ಮೇಲೆ ಅವನ ತಟ್ಟೆಯಿತ್ತು. ಅನ್ನಪೂರ್ಣ ಅವನಿಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು, ಬಡಿಯುತ್ತಲೇ ಇದ್ದಳು, ತಿನ್ನುವವರಿಲ್ಲದ ರೊಟ್ಟಿಗಳು ಪಕ್ಕದಲ್ಲಿ ಗುಡ್ಡೆ ಬಿದ್ದಿದ್ದವು. ಕೈ ನಿಂತರೆ ಏನೋ ಆಗಿಬಿಡುತ್ತದೆ ಎಂಬಂತಿತ್ತು ಅವಳ ಹೆದರಿಕೆ.

ಇಬ್ಬರೂ ಒಟ್ಟಿಗೆ ಬಾಗಿಲಲ್ಲಿ ನಿಂತದ್ದನ್ನು ಕಂಡು ಜಯದೇವಪ್ಪನ ತುತ್ತು ಅರ್ಧದಲ್ಲಿ ನಿಂತಿತು. ಅರೆಗಳಿಗೆ ಅಷ್ಟೇ. ಆಮೇಲೆ ಅದನ್ನು ಬಾಯಿಗಿಟ್ಟು ಅಗಿದು ನುಂಗಿದ.

ಗುರುಸಿದ್ದ ಒಂದು ಹೆಜ್ಜೆ ಒಳಗಿಟ್ಟ. ಅವನ ದನಿ ತೀರ ಸಣ್ಣದಾಗಿತ್ತು. ಹುಟ್ಟಿದಂದಿನಿಂದ ಮನೆಗೆ ಬಂದ ಯಾರನ್ನೂ ಅವನು ಕೇಳಿರದ ಮಾತು. "ಯಜಮಾನ್ರ, ನಿಮ್ಮನ್ನ ಯಾರು ಕಳಿಸ್ಯಾರ?"

"ಕಳಿಸಿದ್ರೆ ಮಾತ್ರ ಬರೋದಾ ತಮ್ಮ?"

"ನಾನು ಕಳಿಸಿಲ್ಲ," ಎಂದ ಶಶಿಧರ್, ಪಕ್ಕದಿಂದ.

"ನಾನೂ ಕಳಿಸಿಲ್ಲ," ಎಂದ ಗುರುಸಿದ್ದ.

ಜಯದೇವಪ್ಪ ಒಬ್ಬರಿಂದ ಒಬ್ಬರಿಗೆ ಕಣ್ಣಾಡಿಸಿದ. ಲೆಕ್ಕ ಹಾಕುವವನ ನೋಟ ಅದು, ಅವಮಾನವಾದವನದಲ್ಲ. ಎದ್ದು, ಅಲ್ಲೇ ಹಿಟ್ಟು ನಾದುವ ನೀರಿನ ಬೋಗುಣಿಯಲ್ಲಿ ಕೈ ಅದ್ದಿ ತೊಳೆದ, ಟವೆಲ್ಲಿಗೆ ಒರೆಸಿಕೊಂಡ. ಹಾದುಹೋಗುವಾಗ ಇಬ್ಬರ ನಡುವೆಯೇ ನುಸುಳಿದ. ಅವನ ಮೈಯ ಗಂಧದ ವಾಸನೆ ಗುರುಸಿದ್ದನ ಮೂಗಿಗೆ ಬಡಿಯಿತು. "ಒಗ್ಗಟ್ಟು ಒಳ್ಳೇದು," ಎಂದ ಹೊಸ್ತಿಲಲ್ಲಿ. "ಎಲ್ಲಿವರೆಗೆ ಅಂತ ನೋಡೋಣ." ಬೀದಿಯಲ್ಲಿ ನಿಧಾನವಾಗಿ, ಪಂಚೆಯ ಅಂಚು ಹಿಡಿದು ನಡೆದು ಹೋದ. ಪೊಲೀಸಿನವರು ಬಂದಾಗ ಅಲ್ಲಿ ತಟ್ಟೆಯೊಂದೇ ಉಳಿದಿತ್ತು. ಈ ಸಲ ಅವರು ನಗಲಿಲ್ಲ, ಹೇಳಿಕೆ ಬರೆದುಕೊಂಡರು.

ಅನ್ನಪೂರ್ಣ ಒಲೆ ಆರಿಸಿ ನೆಲದ ಮೇಲೆ ಕುಸಿದಳು. ಅಳಲಿಲ್ಲ. ಶಶಿಧರನನ್ನು ನೋಡಿ, ಬೀಗ ಹಾಕಿದ್ಯಲ್ಲಪ್ಪಾ ನನ್ನ ಮಾರಿ ಮ್ಯಾಲೆ ಎಂದಳು. ಅವನು ತಲೆ ತಗ್ಗಿಸಿ ಅವಳೆದುರು ಕುಳಿತ.

ಮುಂದಿನ ವಾರ ತ್ಯಾಗರಾಜನಗರದ ಮುಂಗೋಣೆಯಲ್ಲಿ ಹುಳಿಮಾವಿನ ವಿಷಯ ಇತ್ಯರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ರೊಟ್ಟಿ ಇಬ್ಬರ ಹೆಸರಿನಲ್ಲೇ ಹೋಗಬೇಕು, ಬಾಗಿಲ ಬೀಗದ ಕೈ ಇಬ್ಬರಲ್ಲೂ ಇರಬೇಕು ಎಂದು ಬರೆದರು. ಚಿಕ್ಕಬೈರಪ್ಪನವರೂ ಬಂದು ಕೂತಿದ್ದರು. ಅವರು, ಇನ್ನೊಂದು ಸೇರಿಸಿ ತಾಯಿ ಎಂದರು: ಒಬ್ಬರ ಪರವಾಗಿ ಯಾರೇ ಬಂದರೂ ಇನ್ನೊಬ್ಬರು ಒಳಗೆ ಬಿಟ್ಟುಕೊಳ್ಳಕೂಡದು, ಮಾತಿದ್ದರೆ ತಾವೇ ಬರಬೇಕು. ಇದನ್ನು ಹೇಳುವಾಗ ಮುದುಕರ ದನಿ ಒಡೆಯಿತು. ತಮ್ಮ ಜಗಲಿಗೆ ಹಾಗೊಂದು ನಿಯಮ ಬರೆಸುವ ಕಾಲ ಬರುತ್ತದೆಂದು ಅವರು ಎಣಿಸಿರಲಿಲ್ಲ. ಸೌಮ್ಯ ಬರೆದುಕೊಂಡರು. ಪೊಲೀಸರ ಕಡೆಯಿಂದ ಜಯದೇವಪ್ಪನ ಸುದ್ದಿ ಏನೂ ಬಂದಿರಲಿಲ್ಲ. ಅವನು ಚಿಕ್ಕಬೈರಪ್ಪನವರಿಗೆ ಹೇಳಿದ್ದ ವಿಳಾಸದಲ್ಲಿ ಆ ಹೆಸರಿನವನು ಇಲ್ಲ ಎಂಬುದಷ್ಟೇ ತಿಳಿದಿತ್ತು.

ಖಾನಾವಳಿ ಉಳಿಯಿತು. ಹುಡುಗರ ಸಾಲು ಮತ್ತೆ ಬೀದಿಗೆ ಮುಟ್ಟಿತು. ಮಧ್ಯಾಹ್ನವಾದರೆ ಶಶಿಧರ್ ಬೇರೆಲ್ಲ ಕೆಲಸ ಬಿಟ್ಟು ಗಲ್ಲಾದಲ್ಲಿ ಬಂದು ಕೂರುತ್ತಾನೆ. ಆ ಹೊತ್ತಿಗೆ ಇಬ್ಬರೂ ಹೆಚ್ಚು ಮಾತಾಡುವುದಿಲ್ಲ, ಬಾಗಿಲು ನೋಡುತ್ತಾರೆ.

ಒಂದು ದಿನ ಹಾಗೆ ನೋಡುತ್ತಿರುವಾಗ ವಯಸ್ಸಾದವನೊಬ್ಬ ಬಂದ. ಧೂಳು ಹಿಡಿದ ಧೋತರ, ತಲೆಗೆ ರುಮಾಲು, ಕಂಕುಳಲ್ಲಿ ಬಟ್ಟೆಯ ಗಂಟು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದ ಕಾಲುಗಳು ಬಾತಿದ್ದವು. ಖಾಲಿಯಿದ್ದ ಕುರ್ಚಿಗೆ ಕೂತು, ಉಸ್ಸೆಂದು ಗಂಟು ಕೆಳಗಿಟ್ಟು, ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳಿ ಮುಖ ಅರಳಿಸಿದ. ಅನ್ನಪೂರ್ಣ ತಟ್ಟೆ ಹಿಡಿದು ಬಂದವಳು ನಿಂತುಬಿಟ್ಟಳು. ಗುರುಸಿದ್ದ ಅವನ ಮುಂದೆ ಹೋದ.

"ಯಾರು ನೀವು? ಯಾರು ಕಳಿಸ್ಯಾರ ನಿಮ್ಮನ್ನ ಇಲ್ಲಿಗೆ?"

ಮುದುಕನ ನಗು ಆರಿತು. ನೀರಿನ ಲೋಟಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಮಗಳ ಮನೆ ಹುಡುಕಿಕೊಂಡು ಬಂದಿದ್ದೇನೆ, ನರಗುಂದದ ಕಡೆಯವನು, ಯಾರೂ ಕಳಿಸಿಲ್ಲ, ಹಸಿವಾಗಿತ್ತು ಎಂದು ಸಣ್ಣ ದನಿಯಲ್ಲಿ ಹೇಳಿ, ಏಳಬೇಕೋ ಕೂರಬೇಕೋ ತಿಳಿಯದೆ ಗಂಟಿಗೆ ಕೈ ಹಾಕಿದ. ಗುರುಸಿದ್ದ ಅವನ ಹೆಗಲು ಒತ್ತಿ ಕೂರಿಸಿದ. ಅನ್ನಪೂರ್ಣಳ ಕೈಯಿಂದ ತಟ್ಟೆ ಇಸಿದುಕೊಂಡು ತಾನೇ ಬಡಿಸಿದ, ಬೇಡವೆಂದರೂ ಮೇಲೆ ಬೆಣ್ಣೆ ಹಾಕಿದ. ಹಾಕುವಾಗಲೂ ಅವನ ಕಣ್ಣು ಮುದುಕನ ಹಣೆಯ ಮೇಲೆ, ಗಂಟಿನ ಮೇಲೆ, ಬಾಗಿಲ ಮೇಲೆ ಓಡುತ್ತಲೇ ಇತ್ತು.